ಎಲುಬಿಗೆ ಎಲುಬನ್ನು ಕಸಿಕಟ್ಟಿದ ವೈದ್ಯರು: ಸರ್ ವಿಲಿಯಂ ಮೆಕ್ಯೂವನರ ಚರಿತ್ರೆ

ಎಲುಬಿನೊಳಗೆ ಗಡ್ಡೆಯುಂಟೆಂದು ವೈದ್ಯರು ತಿಳಿಸಿದ ಕೂಡಲೇ ನಮ್ಮ ಹಳ್ಳಿಯ ಮನೆಗಳಲ್ಲಿ ಗೋಳಾಟವು ಪ್ರಾರಂಭವಾಗುತ್ತದೆ. ಕಾಲು ಹೋಯಿತೆನ್ನುವವರು ಕೆಲವರು, ಪ್ರಾಣವೇ ಹೋಯಿತೆನ್ನುವವರು ಕೆಲವರು. ಕೆಲವು ವರುಷಗಳ ಕೆಳಗೆ ನನ್ನ ವಿಚಾರಣೆಗೆ ಒಳಪಟ್ಟ ಸಭೆಯೊಂದರಲ್ಲಿ ಹನ್ನೆರಡು ವರುಷದ ಹುಡುಗನೊಬ್ಬನು ಕುಂಟತೊಡಗಿದನು. ಎಣ್ಣೆ ಹಚ್ಚಿ ತಿಕ್ಕಿಸಿದರು, ಸೊಪ್ಪು ಕಟ್ಟಿಸಿದರು, ಗುಣವಾಗಲಿಲ್ಲ. ಕಡೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಕ್ಸ್-ರೇ ತೆಗೆಸಿದಾಗ ಸೊಂಟದ ಕೀಲಿಗೆ ಸಮೀಪವಾಗಿ ತೊಡೆಯೆಲುಬಿನ ಕೊರಳಿನಲ್ಲಿ ಗಡ್ಡೆಯಿರುವುದು ಕಂಡುಬಂತು. ಅದು ಪ್ರಾಣಕ್ಕೆ ಕೇಡಿಲ್ಲದ ಗಡ್ಡೆಯೆಂದೂ ಅದನ್ನು ಕೆರೆದು ತೆಗೆದು ಆ ಗುಳಿಯನ್ನು ಎಲುಬಿನ ತುಂಡುಗಳಿಂದ ತುಂಬಬೇಕೆಂದೂ, ಹುಡುಗನ ಸ್ವಂತ ಎಲುಬು ಸಾಲದಿದ್ದರೆ ಬೇರೊಬ್ಬ ರೋಗಿಯಿಂದ ತೆಗೆದಿಟ್ಟ ಎಲುಬನ್ನು ಸೇರಿಸಬೇಕೆಂದೂ ವೈದ್ಯರು ವಿವರಿಸಿದರು. ಆಗ ಹುಡುಗನ ಅಜ್ಜಿಯು ನನ್ನನ್ನು ಒಂದು ಪಕ್ಕಕ್ಕೆ ಕರೆದು, ಪರರ ಎಲುಬನ್ನು ಮೈಯೊಳಗೆ ಇಟ್ಟುಕೊಂಡವನು ಪುನರುತ್ಥಾನದ ದಿನದಲ್ಲಿ ಯಾರ ಎಲುಬಿನೊಂದಿಗೆ ಏಳುವನೆಂದು ಕೇಳಿದರು. ಸೆಮಿನರಿಯಲ್ಲಿ ಕಲಿತ ನಾನು ಆ ಹೊತ್ತಿನಲ್ಲಿ ತಕ್ಕ ಉತ್ತರವನ್ನು ಕೊಡಲಾರದೆ ನಾಚಿಕೆಪಟ್ಟೆನು. ಈ ವಿದ್ಯೆಯು ಎಲ್ಲಿಂದ ಬಂತು, ಯಾರು ಮೊದಲು ಮಾಡಿದರು ಎಂಬುದನ್ನು ವಿಚಾರಿಸುತ್ತಾ ಹೋದಾಗ ಸ್ಕಾಟ್ಲಂಡಿನ ಶಸ್ತ್ರವೈದ್ಯರಾದ ಸರ್ ವಿಲಿಯಂ ಮೆಕ್ಯೂವನರ ಚರಿತ್ರೆಯು ನನಗೆ ತಿಳಿದುಬಂತು. ಅದನ್ನು ವಾಚಕರ ಮುಂದೆ ಇಡುತ್ತೇನೆ.

ಸ್ಕಾಟ್ಲಂಡಿನ ಪಡುವಣ ಕರಾವಳಿಯ ಎದುರಿಗೆ ಬ್ಯೂಟ್ ಎಂಬ ಸಣ್ಣ ದ್ವೀಪವುಂಟು. ಅಲ್ಲಿನ ರೋಥ್ಸೇ ಪಟ್ಟಣದ ಬಳಿಯಲ್ಲಿ 1848ನೇ ಇಸವಿಯ ಜೂನ್ ತಿಂಗಳ 22ನೇ ತಾರೀಕಿನಲ್ಲಿ ಮೆಕ್ಯೂವನರು ಹುಟ್ಟಿದರು. ತಂದೆಯು ಹಡಗಿನ ವ್ಯಾಪಾರದಿಂದ ಜೀವನ ಸಾಗಿಸುತ್ತಿದ್ದವರು. ಹನ್ನೆರಡು ಮಂದಿ ಮಕ್ಕಳಲ್ಲಿ ಇವರೇ ಕಿರಿಯರು. ಬಾಲ್ಯದಲ್ಲಿಯೇ ಕುಟುಂಬವು ಗ್ಲಾಸ್ಗೋ ನಗರಕ್ಕೆ ಬಂದು ನೆಲೆಸಿತು. 1865ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಇವರು ವೈದ್ಯ ವಿದ್ಯಾರ್ಥಿಯಾಗಿ ಸೇರಿದರು.

ಆ ವರುಷವನ್ನು ವಾಚಕರು ನೆನಪಿನಲ್ಲಿಡಬೇಕು. ಯಾಕಂದರೆ ಅದೇ 1865ರ ಆಗಸ್ಟ್ ತಿಂಗಳಲ್ಲಿ ಗ್ಲಾಸ್ಗೋ ರಾಯಲ್ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಎಂಬ ಪ್ರಾಧ್ಯಾಪಕರು, ಗಾಡಿಯ ಚಕ್ರ ಹರಿದು ಕಾಲಿನ ಎಲುಬು ಮುರಿದ ಹನ್ನೊಂದು ವರುಷದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ದ್ರವದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿದರು. ಅದಕ್ಕಿಂತ ಮುಂಚೆ, ಮುರಿದ ಎಲುಬು ಚರ್ಮವನ್ನು ಸೀಳಿಕೊಂಡು ಹೊರಬಂದರೆ ಗಾಯವು ಕೊಳೆತು ಕೀವಾಗಿ, ಒಂದೋ ಕಾಲನ್ನು ಕತ್ತರಿಸಬೇಕಿತ್ತು, ಇಲ್ಲವೆ ರೋಗಿಯು ಸಾಯುತ್ತಿದ್ದನು. ಈ ಬಾಲಕನ ಗಾಯವಾದರೋ ಕೊಳೆಯದೆ ಮಾಯಿತು. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳೇ ಗಾಯವನ್ನು ಕೊಳೆಯಿಸುತ್ತವೆಂಬ ಲಿಸ್ಟರರ ಬೋಧನೆಯನ್ನು ಹಿರಿಯ ವೈದ್ಯರಲ್ಲಿ ಅನೇಕರು ನಗೆಯಾಡಿದರು. ತರುಣನಾದ ಮೆಕ್ಯೂವನರು ಅದನ್ನು ಮನಸ್ಸಿಗೆ ತಂದುಕೊಂಡರು. ತರುವಾಯ ಗುರುವಿಗಿಂತಲೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ಗಾಯದೊಳಕ್ಕೆ ಹೊಲಸು ಸೇರಿದ ಮೇಲೆ ಔಷಧದಿಂದ ಕೊಲ್ಲುವುದಕ್ಕಿಂತ ಅದು ಸೇರದಂತೆ ನೋಡಿಕೊಳ್ಳುವುದೇ ಲೇಸೆಂದು ತಿಳಿದು, ಆಯುಧಗಳನ್ನು ಕುದಿಸಿ, ಬಟ್ಟೆಗಳನ್ನು ಹಬೆಯಲ್ಲಿ ಶುದ್ಧಮಾಡಿ, ಕೈಗಳನ್ನು ಚೆನ್ನಾಗಿ ತಿಕ್ಕಿ ತೊಳೆದು ಕೆಲಸಕ್ಕೆ ನಿಲ್ಲುವ ಪದ್ಧತಿಯನ್ನು ಹಿಡಿದರು. ಮರದ ಹಿಡಿಕೆಯಲ್ಲಿ ಹೊಲಸು ಅಡಗುವ ಕಾರಣ ಹಿಡಿಕೆಯೂ ಅಲಗೂ ಒಂದೇ ಉಕ್ಕಿನಿಂದಾದ ಆಯುಧಗಳನ್ನು ಮಾಡಿಸಿಕೊಂಡರು. ಈ ಶುದ್ಧಿಯ ಪಾಠವು ಮೊದಲು ಬಂದಿರದಿದ್ದರೆ ಎಲುಬಿನ ಕಸಿಯೆಂಬುದು ಹುಟ್ಟುತ್ತಲೇ ಇರಲಿಲ್ಲ.

ವ್ಯಾಸಂಗ ತೀರಿದ ಮೇಲೆ ಅವರು ಸಾಂಕ್ರಾಮಿಕ ಜ್ವರಗಳ ಆಸ್ಪತ್ರೆಯಲ್ಲಿಯೂ ಪೊಲೀಸ್ ಇಲಾಖೆಯ ವೈದ್ಯರಾಗಿಯೂ ದುಡಿದರು. 1877ರ ಹೊತ್ತಿಗೆ ರಾಯಲ್ ಆಸ್ಪತ್ರೆಯಲ್ಲಿ ಪೂರ್ಣ ಶಸ್ತ್ರವೈದ್ಯರಾಗಿದ್ದರು.

ಆ ಕಾಲದ ಗ್ಲಾಸ್ಗೋ ನಗರವೆಂದರೆ ಹೊಗೆಯ ಊರು. ಕ್ಲೈಡ್ ನದಿಯ ದಡದಲ್ಲಿ ಹಡಗು ಕಟ್ಟುವ ಕಾರ್ಖಾನೆಗಳು, ಕಬ್ಬಿಣದ ಕುಲುಮೆಗಳು, ನೂಲಿನ ಗಿರಣಿಗಳು. ಅವುಗಳಲ್ಲಿ ದುಡಿಯುವ ಬಡವರು ಬಿಸಿಲು ಬೀಳದ ಇಕ್ಕಟ್ಟಾದ ಓಣಿಗಳಲ್ಲಿ ಒಂದೇ ಕೋಣೆಯಲ್ಲಿ ಸಂಸಾರ ಹೂಡುತ್ತಿದ್ದರು. ಅಂಥ ಮನೆಗಳ ಮಕ್ಕಳಿಗೆ ರಿಕೆಟ್ಸ್ ಎಂಬ ರೋಗ ಬಂದು, ಎಲುಬುಗಳು ಮೆತ್ತಗಾಗಿ, ಕಾಲುಗಳು ಬಿಲ್ಲಿನಂತೆ ಬಾಗಿಕೊಳ್ಳುತ್ತಿದ್ದವು. ಕೆಲವರ ಮೊಣಕಾಲುಗಳು ನಡೆಯುವಾಗ ಒಂದಕ್ಕೊಂದು ಬಡಿಯುತ್ತಿದ್ದವು. ಬಿಸಿಲಿನಿಂದಲೂ ಮೀನೆಣ್ಣೆಯಿಂದಲೂ ಅದು ವಾಸಿಯಾಗುತ್ತದೆಂಬುದು 1919ರಿಂದ 1922ರ ವರೆಗಿನ ಶೋಧನೆಗಳಿಂದ ಮಾತ್ರವೇ ಸ್ಥಿರವಾಯಿತು. (ಬಿಸಿಲನ್ನು ಕಾಸಿಲ್ಲದೆ ಹೊಂದುವ ನಮ್ಮ ನಾಡಿನಲ್ಲಿಯೂ ಕೂಸುಗಳನ್ನು ಕತ್ತಲೆಯ ಕೋಣೆಯಲ್ಲೇ ಇಡುವ ತಾಯಂದಿರಿದ್ದಾರೆ.) ಮೆಕ್ಯೂವನರು ಒಂದು ತೆರನಾದ ಉಳಿಯನ್ನು ಕಲ್ಪಿಸಿದರು. ಬಡಗಿಯ ಉಳಿಗೆ ಒಂದೇ ಮಗ್ಗುಲಿನಲ್ಲಿ ಇಳಿಜಾರು; ಇವರ ಉಳಿಗೆ ಎರಡು ಮಗ್ಗುಲಲ್ಲಿಯೂ ಇಳಿಜಾರು. ಅದರಿಂದ ಬಾಗಿದ ಎಲುಬನ್ನು ಕಡಿದು, ಕೆಲವು ಸಾರಿ ಬೆಣೆಯಾಕಾರದ ತುಂಡನ್ನು ತೆಗೆದು, ಕಾಲನ್ನು ನೆಟ್ಟಗೆ ಕೂರಿಸಿ ಕಟ್ಟುತ್ತಿದ್ದರು. ಹೀಗೆ ನೂರಾರು ಮಕ್ಕಳು ನೆಟ್ಟಗೆ ನಡೆದರು. 1880ರಲ್ಲಿ ಇದರ ವಿಷಯವಾಗಿ ಗ್ರಂಥವನ್ನೂ ಬರೆದರು. ಆ ಬೆಣೆಯಾಕಾರದ ತುಂಡುಗಳಾದರೋ ಎಸೆಯತಕ್ಕ ಪದಾರ್ಥಗಳಾಗಿದ್ದವು.

1878ರಲ್ಲಿ ಮೂರು ವರುಷದ ಗಂಡು ಮಗುವೊಂದನ್ನು ಅವರ ಬಳಿಗೆ ತಂದರು. ಬಲತೋಳಿನ ಎಲುಬಿಗೆ ಕೀವು ಹಿಡಿದು, ಭುಜದಿಂದ ಮೊಣಕೈಯ ತನಕ ಇರುವ ಎಲುಬಿನ ಹೆಚ್ಚು ಭಾಗವು ಸತ್ತುಹೋಗಿತ್ತು. ಸತ್ತ ಎಲುಬನ್ನು ತೆಗೆಯದೆ ಗತಿಯಿರಲಿಲ್ಲ. ಸುತ್ತಲಿನ ಪೊರೆಯನ್ನು ಉಳಿಸಿ ತೆಗೆದರೆ ಆ ಪೊರೆಯಿಂದಲೇ ಹೊಸ ಎಲುಬು ಬೆಳೆಯುವುದೆಂದು ಫ್ರಾನ್ಸಿನ ಲಿಯೋನ್ ನಗರದ ಓಲಿಯೇ ಎಂಬ ಮಹಾವೈದ್ಯರು 1867ರಲ್ಲಿ ಬರೆದಿದ್ದರು. ಮೆಕ್ಯೂವನರು ಒಂದು ವರುಷಕ್ಕೂ ಮಿಕ್ಕಿ ಕಾದರು. ಎಲುಬು ಬೆಳೆಯಲಿಲ್ಲ. ತೋಳು ಒದ್ದೆಬಟ್ಟೆಯಂತೆ ಜೋಲಾಡುತ್ತಿತ್ತು. ಬೆರಳುಗಳಲ್ಲಿ ಶಕ್ತಿಯಿದ್ದರೂ ಅವುಗಳನ್ನು ಎತ್ತಿ ಹಿಡಿಯುವ ಕಂಬವಿಲ್ಲದ್ದರಿಂದ ಕೈಯು ವ್ಯರ್ಥವಾಗಿತ್ತು. ಅಂಥ ತೋಳನ್ನು ಕತ್ತರಿಸಿ ತೆಗೆಯುವುದೇ ಆ ಕಾಲದ ಮಾರ್ಗ.

ಆ ಹೊತ್ತಿಗೆ, ಕಾಲುಗಳನ್ನು ನೆಟ್ಟಗೆ ಮಾಡುವಾಗ ತೆಗೆಯುವ ಬೆಣೆಗಳ ಮೇಲೆ ಅವರ ದೃಷ್ಟಿ ಬಿತ್ತು. ಬೇರೆ ರೋಗಿಯ ಮೊಣಕಾಲಿನ ಕೆಳಗಿನ ಎಲುಬಿನಿಂದ ತೆಗೆದ ಬೆಣೆಯನ್ನು ಆಗಿಂದಾಗಲೇ ಸಣ್ಣ ಸಣ್ಣ ಚೂರುಗಳಾಗಿ ಮಾಡಿ, ಮಗುವಿನ ತೋಳಿನ ಮಾಂಸದ ನಡುವೆ ಸಾಲು ತೋಡಿ, ಅದರಲ್ಲಿ ಬೀಜ ಬಿತ್ತುವವನಂತೆ ಅವುಗಳನ್ನು ಇಟ್ಟು ಹೊಲಿದರು. ಗಾಯವು ಕೀವಾಗದೆ ಮಾಯಿತು. ಒಳಗೆ ಎಲುಬು ಗಟ್ಟಿಯಾಗಿ ಮೇಲಿನ ತುದಿಗೆ ಅಂಟಿಕೊಂಡಿತು. ಹೀಗೆ ಮೂರು ಸಾರಿ ಮಾಡಿ, ಕೊನೆಗೆ ಕೆಳಗಿನ ತುದಿಗೂ ಕೂಡಿಸಿದರು. ತೋಳಿನ ಎಲುಬಿನ ಉದ್ದದಲ್ಲಿ ಮೂರರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು ಪರರ ಎಲುಬಿನಿಂದ ಕಟ್ಟಲ್ಪಟ್ಟಿತು. 1881ರಲ್ಲಿ ಈ ಸಂಗತಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದರು. ಒಬ್ಬ ಮನುಷ್ಯನ ಎಲುಬು ಇನ್ನೊಬ್ಬನ ಮೈಯಲ್ಲಿ ಕೂಡಿಕೊಂಡು ಕೆಲಸಕ್ಕೆ ಬಂದದ್ದಕ್ಕೆ ಬರವಣಿಗೆಯಲ್ಲಿ ದೊರೆಯುವ ಮೊದಲನೆಯ ಸಾಕ್ಷಿಯೆಂದು ವೈದ್ಯರು ಇದನ್ನೇ ಎಣಿಸುತ್ತಾರೆ. ಆ ಮಗುವು ಬೆಳೆದು ದೊಡ್ಡವನಾಯಿತು. ಸುಮಾರು ಮೂವತ್ತು ವರುಷಗಳ ಮೇಲೆ ಮೆಕ್ಯೂವನರು ಪುನಃ ಅವನನ್ನು ಪರೀಕ್ಷಿಸಿದಾಗ, ಆ ತೋಳು ಮತ್ತೊಂದರಷ್ಟು ಉದ್ದಕ್ಕೆ ಬಂದಿರದಿದ್ದರೂ, ಅದೇ ಕೈಯಿಂದ ಮೈಮುರಿದು ದುಡಿದು ಊಟ ಮಾಡುತ್ತಿದ್ದನು.

ಇಂಥ ಕೆಲಸವನ್ನು ಕುರಿತು ಕ್ರೈಸ್ತರೊಳಗೆ ಭಯವಿದ್ದದ್ದು ನಮ್ಮ ಹಳ್ಳಿಯ ಅಜ್ಜಿಯಲ್ಲಿ ಮಾತ್ರವಲ್ಲ. ಆಮ್‌ಸ್ಟರ್‌ಡಾಮಿನ ಯೋಬ್ ಫಾನ್ ಮೇಕೆರೆನ್ ಎಂಬ ಶಸ್ತ್ರವೈದ್ಯರ ಗ್ರಂಥವು 1668ರಲ್ಲಿ ಅಚ್ಚಾಯಿತು. ತಾವು ಕೇಳಿದ ಒಂದು ಸಂಗತಿಯನ್ನು ಅವರು ಅದರಲ್ಲಿ ಬರೆದಿದ್ದಾರೆ. ಹೇಗಂದರೆ, ರಷ್ಯಾ ದೇಶದ ಒಬ್ಬ ಕುಲೀನನ ತಲೆಬುರುಡೆಯು ಕತ್ತಿಯ ಏಟಿನಿಂದ ಒಡೆಯಲು, ವೈದ್ಯನು ನಾಯಿಯ ಬುರುಡೆಯ ತುಂಡನ್ನಿಟ್ಟು ವಾಸಿಮಾಡಿದನಂತೆ. ಸಭೆಯವರು ಇದನ್ನು ಕೇಳಿ ಅವನನ್ನು ಸಭೆಯಿಂದ ಬಹಿಷ್ಕರಿಸಿದರಂತೆ. ಅವನು ಆ ತುಂಡನ್ನು ತೆಗೆಸಿಬಿಡಲು ಹೋದಾಗ ಅದು ಅವನ ಸ್ವಂತ ಎಲುಬಿನೊಂದಿಗೆ ಬಲವಾಗಿ ಕೂಡಿಕೊಂಡಿತ್ತಂತೆ. ಕಥೆಯು ಎಷ್ಟರ ಮಟ್ಟಿಗೆ ನಿಜವೋ, ಆ ಸಭೆಯವರ ತೀರ್ಪು ಮಾತ್ರ ನನಗೆ ಒಪ್ಪಿಗೆಯಿಲ್ಲ. ಕುಂಟರನ್ನು ನಡೆಯಮಾಡಿದ ಕರ್ತನ ಹೆಸರನ್ನು ಹೇಳುವವರು ವಾಸಿಯಾದ ಒಬ್ಬನನ್ನು ಹೊರಕ್ಕೆ ಹಾಕುವುದೇ?

ಅಜ್ಜಿಯ ಪ್ರಶ್ನೆಗೆ ಉತ್ತರವು ಎಲುಬಿನ ಸ್ವಭಾವದಲ್ಲಿಯೇ ಉಂಟು. ಎಲುಬು ಕಲ್ಲಿನಂತೆ ಜಡ ಪದಾರ್ಥವೆಂದು ನಾವು ಎಣಿಸುತ್ತೇವೆ. ಹಾಗಲ್ಲ, ಅದು ಜೀವವುಳ್ಳದ್ದು. ಅದರಲ್ಲಿ ಹಳೆಯದನ್ನು ತಿನ್ನುವ ಕಣಗಳೂ ಹೊಸದನ್ನು ಕಟ್ಟುವ ಕಣಗಳೂ ರಾತ್ರಿ ಹಗಲು ದುಡಿಯುತ್ತಿರುತ್ತವೆ. ಸುಮಾರು ಹತ್ತು ವರುಷಗಳಲ್ಲಿ ಪ್ರಾಯಸ್ಥನ ಎಲುಬುಗಳ ಬಹುಭಾಗವು ಹೊಸದಾಗುತ್ತದೆ. ಕಸಿಯಾಗಿ ಇಟ್ಟ ಎಲುಬಿನ ಕಣಗಳಲ್ಲಿ ಹೆಚ್ಚಿನವು ಸಾಯುತ್ತವೆ. ಆದರೆ ಅದರ ಹಂದರವು ಉಳಿಯುತ್ತದೆ. ಬಳ್ಳಿಯು ಚಪ್ಪರಕ್ಕೆ ಹಬ್ಬುವಂತೆ ರೋಗಿಯ ಸ್ವಂತ ರಕ್ತನಾಳಗಳು ಆ ಹಂದರದೊಳಕ್ಕೆ ಹಬ್ಬಿ, ಹಳೆಯದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿ, ಅದರ ಸ್ಥಳದಲ್ಲಿ ಸ್ವಂತ ಎಲುಬನ್ನು ಕಟ್ಟುತ್ತವೆ. ಚಿಕ್ಕ ಚೂರುಗಳಲ್ಲಿ ಇದು ಬೇಗನೆ ನಡೆಯುತ್ತದೆ. ದೊಡ್ಡ ಗಟ್ಟಿ ತುಂಡುಗಳಲ್ಲಿ ಪರರ ಎಲುಬಿನ ಅಂಶವು ಬಹುಕಾಲ ಉಳಿಯುವುದೂ ಉಂಟು. ನೆಲಕ್ಕೆ ಬಿದ್ದ ಗೋಧಿಯ ಕಾಳಿನ ಸಾಮ್ಯವನ್ನು ಬಲ್ಲ ನಮ್ಮ ಸಭೆಯವರಿಗೆ ಇದು ಅಪರಿಚಿತವಾದ ಮಾತಲ್ಲ. ಪೂರ್ವಿಕರನ್ನು ಮಣ್ಣಿನಿಂದ ಎಬ್ಬಿಸಬಲ್ಲ ದೇವರಿಗೆ ಒಂದು ಹಿಡಿ ಎಲುಬಿನ ಲೆಕ್ಕವು ತಪ್ಪುವುದೆಂದು ನಾನು ನಂಬುವುದಿಲ್ಲ.

ಆದರೆ ಮೆಕ್ಯೂವನರು ಈ ವಿಷಯದಲ್ಲಿ ಎಲ್ಲವನ್ನೂ ಸರಿಯಾಗಿ ಕಂಡರೆಂದು ಹೇಳಲಾಗದು. ಕಸಿಯ ಚೂರುಗಳೇ ಜೀವದಿಂದ ಉಳಿದು ಬೆಳೆಯುತ್ತವೆಂದು ಅವರು ತಿಳಿದಿದ್ದರು. ಎಲುಬಿನ ಮೇಲ್ಪೊರೆಗೆ ಎಲುಬನ್ನು ಹುಟ್ಟಿಸುವ ಶಕ್ತಿಯಿಲ್ಲ, ಅದು ಹೊಲಕ್ಕೆ ಬೇಲಿಯಂತೆ ಮೇರೆಯನ್ನು ಕಾಯುವುದಷ್ಟೇ ಎಂದು 1912ರಲ್ಲಿ ಎಲುಬಿನ ಬೆಳವಣಿಗೆಯ ಕುರಿತು ಬರೆದ ಗ್ರಂಥದಲ್ಲಿ ವಾದಿಸಿದರು. ಪೊರೆಯ ಒಳಪದರಕ್ಕೆ ಆ ಶಕ್ತಿಯಿದೆಯೆಂದು ಇಂದು ತಿಳಿದಿದೆ; ಆ ಮಾತಿನಲ್ಲಿ ಓಲಿಯೇ ಗೆದ್ದರು. ಸ್ವಭಾವದಲ್ಲಿಯೂ ಮೆಕ್ಯೂವನರು ಗಡುಸಾದವರು. ತಮ್ಮ ಕೆಲಸದಲ್ಲಿ ಇನ್ನೊಬ್ಬರ ಕೈ ಸೇರುವುದನ್ನು ಸಹಿಸುತ್ತಿರಲಿಲ್ಲ. 1889ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಹೊಸ ದೊಡ್ಡಾಸ್ಪತ್ರೆಯವರು ಅವರನ್ನು ಕರೆದಾಗ, ದಾದಿಯರನ್ನು ತರಬೇತು ಮಾಡುವ ಅಧಿಕಾರವೂ ತಮಗಿರಬೇಕೆಂದು ಪಟ್ಟುಹಿಡಿದು, ಅದು ಸಿಕ್ಕದೆ ಹೋಗಲು ಗ್ಲಾಸ್ಗೋದಲ್ಲಿಯೇ ಉಳಿದರು.

ಮೆದುಳಿನ ಶಸ್ತ್ರಕ್ರಿಯೆಯಲ್ಲಿ ಅವರ ಹೆಸರು ಎಲುಬಿನ ವಿಷಯಕ್ಕಿಂತಲೂ ದೊಡ್ಡದು. ಎರಡೇ ಸಂಗತಿಗಳನ್ನು ಹೇಳುವೆನು. 1876ರಲ್ಲಿ ಒಬ್ಬ ಬಾಲಕನ ರೋಗಲಕ್ಷಣಗಳಿಂದಲೇ ಮೆದುಳಿನ ಇಂಥ ಸ್ಥಳದಲ್ಲಿ ಕೀವು ಕಟ್ಟಿದೆಯೆಂದು ಗೊತ್ತುಮಾಡಿ, ತೆರೆಯಲು ಅನುಮತಿ ಕೇಳಿದರು. ಎಕ್ಸ್-ರೇ ಎಂಬುದು ಲೋಕಕ್ಕೆ ತಿಳಿದದ್ದು 1895ರಲ್ಲಿ. ಆದದರಿಂದ ಅವರಿಗೆ ತಮ್ಮ ಕಣ್ಣು ಮತ್ತು ಬುದ್ಧಿಯ ಹೊರತು ಬೇರೆ ಸಾಕ್ಷಿಯಿರಲಿಲ್ಲ. ಅನುಮತಿಯು ದೊರೆಯಲಿಲ್ಲ. ಹುಡುಗನು ಸತ್ತನು. ಸತ್ತ ಮೇಲೆ ತೆರೆದು ನೋಡಿದರೆ ಅವರು ಹೇಳಿದ ಸ್ಥಳದಲ್ಲಿಯೇ ಕೀವು ಇತ್ತು. 1879ರಲ್ಲಿ ಹುಡುಗಿಯೊಬ್ಬಳ ಎಡಗಣ್ಣಿನ ಮೇಲ್ಗಡೆ ಮೆದುಳಿನ ಪೊರೆಯಿಂದ ಬೆಳೆದ, ಪ್ರಾಣಾಂತಕವಲ್ಲದ ಜಾತಿಯ ಗಡ್ಡೆಯನ್ನು ತೆಗೆದಾಗ, ಅವಳು ಅದಾದ ಮೇಲೆ ಎಂಟು ವರುಷ ಬದುಕಿ ಬೇರೆ ರೋಗದಿಂದ ತೀರಿಕೊಂಡಳು. ಅನುಮತಿ ಕೊಟ್ಟ ಮನೆಗೂ ಕೊಡದ ಮನೆಗೂ ಇದ್ದ ಭೇದವನ್ನು ಬರೆಯುವಾಗ ನನಗೆ ನಮ್ಮ ಹುಡುಗನ ತಂದೆಯು ಆಸ್ಪತ್ರೆಯ ಕಾಗದವನ್ನು ಹಿಡಿದು ಹೊರಗಿನ ಜಗಲಿಯಲ್ಲಿ ಕುಳಿತಿದ್ದದ್ದು ಕಣ್ಣಿಗೆ ಕಟ್ಟುತ್ತದೆ.

ಈಗ ಸೊಂಟದ ಕೀಲಿನ ಬಳಿಯ ಗಡ್ಡೆಗಳ ವಿಷಯಕ್ಕೆ ಬರುತ್ತೇನೆ. ತೊಡೆಯೆಲುಬಿನ ಮೇಲಿನ ತುದಿಯಲ್ಲಿ ಗುಂಡಾದ ತಲೆಯೂ ಅದರ ಕೆಳಗೆ ಓರೆಯಾದ ಕೊರಳೂ ಇವೆ. ಒಂದು ಹೆಜ್ಜೆಯನ್ನು ಇಡುವಾಗ ಆ ಕೀಲಿನ ಮೇಲೆ ಬೀಳುವ ಭಾರವು ಮೈತೂಕದ ಸುಮಾರು ಮೂರರಷ್ಟು. ಅಲ್ಲಿ ನೀರು ತುಂಬಿದ ಗುಳಿಯಾಗಲಿ, ಎಲುಬಿನ ಬದಲಾಗಿ ನಾರು ಬೆಳೆಯುವ ರೋಗವಾಗಲಿ, ದೊಡ್ಡ ಕಣಗಳ ಗಡ್ಡೆಯಾಗಲಿ ಉಂಟಾದರೆ, ಅವು ಸಾಮಾನ್ಯವಾಗಿ ಕ್ಯಾನ್ಸರಿನಂತೆ ಮೈಯೆಲ್ಲಾ ಹರಡುವುದಿಲ್ಲ. ಆದರೆ ಗೆದ್ದಲು ತಿಂದ ತೊಲೆಯಂತೆ ಎಲುಬು ಒಂದು ದಿನ ಮುರಿಯುತ್ತದೆ. ನಾರಿನ ರೋಗದಲ್ಲಿ ತೊಡೆಯೆಲುಬಿನ ತುದಿಯು ಮೆಲ್ಲಮೆಲ್ಲನೆ ಬಾಗಿ ಕುರುಬನ ಕೋಲಿನ ಕೊಕ್ಕೆಯಂತಾಗುವುದುಂಟು. ವೈದ್ಯರು ಆ ವಕ್ರತೆಗೆ ಕುರುಬನ ಕೋಲೆಂದೇ ಹೆಸರಿಟ್ಟಿದ್ದಾರೆ. ಆದದರಿಂದ ಮೊದಲು ಸ್ವಲ್ಪ ಭಾಗವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿಯನ್ನು ಗೊತ್ತುಮಾಡುತ್ತಾರೆ. ಬಳಿಕ ಗಡ್ಡೆಯನ್ನು ಕೆರೆದು ತೆಗೆದು ಗುಳಿಯನ್ನು ತುಂಬುತ್ತಾರೆ. ರೋಗಿಯ ಸೊಂಟದ ಅಂಚಿನಿಂದ ತೆಗೆದ ಎಲುಬೇ ಶ್ರೇಷ್ಠ, ಯಾಕಂದರೆ ಅದರಲ್ಲಿ ಎಲುಬು ಕಟ್ಟುವ ಜೀವಕಣಗಳೂ ಇರುತ್ತವೆ. ಆದರೆ ಮಕ್ಕಳಲ್ಲಿ ಅದು ಅಲ್ಪವೇ ಸಿಕ್ಕುತ್ತದೆ. ಭಾರ ಹೊರಬೇಕಾದ ಸ್ಥಳದಲ್ಲಿ, ಕೆಳಗಾಲಿನ ಎರಡು ಎಲುಬುಗಳಲ್ಲಿ ಸಪುರವಾದುದರ ಒಂದು ತುಂಡನ್ನು ಒಳಗೆ ಊರೆಗಂಬದಂತೆ ನಿಲ್ಲಿಸುವುದೂ ಲೋಹದ ಪಟ್ಟಿಯನ್ನು ಕೂಡಿಸುವುದೂ ಉಂಟು. ನಾರಿನ ರೋಗದಲ್ಲಿ ತುಂಬಿದ ಚೂರುಗಳನ್ನು ಆ ರೋಗವೇ ಮತ್ತೆ ತಿಂದುಬಿಡುವ ಕಾರಣ ಇಂಥ ಗಟ್ಟಿ ಕಂಬವೇ ಹೆಚ್ಚು ಕಾಲ ನಿಲ್ಲುತ್ತದೆ. ಕೆಲವು ಗಡ್ಡೆಗಳು ಪುನಃ ಬರುತ್ತವೆ. ಆದದರಿಂದ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ತೋರಿಸಬೇಕು. ರಾತ್ರಿಯಲ್ಲಿ ಹೆಚ್ಚುವ ನೋವು, ಕಾರಣವಿಲ್ಲದ ಕುಂಟು, ಇವುಗಳನ್ನು ಕಂಡಾಗ ತಿಕ್ಕಿಸುವುದಕ್ಕಿಂತ ಮೊದಲು ಎಕ್ಸ್-ರೇ ತೆಗೆಸಿರಿ.

ಪರರ ಎಲುಬು ಎಲ್ಲಿಂದ ದೊರೆಯುತ್ತದೆಂದು ಕೇಳಿದಾಗ ನಾನು ಆಶ್ಚರ್ಯಪಟ್ಟೆನು. ಮುದುಕರಿಗೆ ಸೊಂಟದ ಕೀಲನ್ನು ಬದಲಾಯಿಸುವಾಗ ತೊಡೆಯೆಲುಬಿನ ತಲೆಯನ್ನು ಕತ್ತರಿಸಿ ತೆಗೆಯುತ್ತಾರೆ, ಅದು ಎಸೆಯತಕ್ಕದ್ದು. ಆ ಮುದುಕರು ಒಪ್ಪಿದರೆ, ರಕ್ತದಲ್ಲಿ ಅಂಟುರೋಗಗಳಿಲ್ಲವೆಂದು ಪರೀಕ್ಷಿಸಿ, ಅದನ್ನು ಬಹು ತಣ್ಣನೆಯ ಪೆಟ್ಟಿಗೆಯಲ್ಲಿ ಶೇಖರಿಸುತ್ತಾರೆ. ಇಂಥ ಶೇಖರಣೆಯ ಸ್ಥಳಕ್ಕೆ ಬೋನ್ ಬ್ಯಾಂಕ್ ಎಂದು ಹೆಸರು. 1880ರ ಸುಮಾರಿನಲ್ಲಿ ಗ್ಲಾಸ್ಗೋದ ಬಡಮಕ್ಕಳ ಬಾಗಿದ ಕಾಲುಗಳಿಂದ ಬಂದ ತುಂಡುಗಳ ಹಾಗೆಯೇ ಇದೂ. ನಮ್ಮ ಹುಡುಗನ ತೊಡೆಯಲ್ಲಿ ಈಗ ಇರುವುದು ಹೆಸರು ಗೊತ್ತಿಲ್ಲದ ಒಬ್ಬರ ಇಂಥ ಎಲುಬೂ ಅವನ ಸ್ವಂತ ಸೊಂಟದ ಎಲುಬೂ ಕೂಡಿದ್ದು. ಅವನ ತಂದೆಯು ಕಾಗದಕ್ಕೆ ಹೆಬ್ಬೆಟ್ಟನ್ನು ಒತ್ತಿದ್ದು ಮೂರನೆಯ ದಿನದಲ್ಲಿ.

ಮೆಕ್ಯೂವನರ ಉಳಿದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. 1892ರಲ್ಲಿ ಅವರು, ಒಂದು ಕಾಲದಲ್ಲಿ ಲಿಸ್ಟರರು ಕುಳಿತಿದ್ದ ಪ್ರಾಧ್ಯಾಪಕ ಪೀಠವನ್ನು ಹೊಂದಿದರು. 1902ರಲ್ಲಿ ಸರ್ ಪದವಿ ದೊರೆಯಿತು. ವೃದ್ಧಾಪ್ಯದಲ್ಲಿಯೂ ಎಲುಬಿನ ವಿಚಾರವನ್ನು ಬಿಡಲಿಲ್ಲ. ಗಂಡು ಜಿಂಕೆಯ ಕೊಂಬು ವರುಷ ವರುಷವೂ ಬಿದ್ದು ಪುನಃ ಕೆಲವೇ ತಿಂಗಳುಗಳಲ್ಲಿ ಎಲುಬಾಗಿ ಬೆಳೆಯುವುದನ್ನು ನೋಡಿ ಸೋಜಿಗಪಟ್ಟು, 1920ರಲ್ಲಿ ಆ ಕೊಂಬಿನ ಮೇಲೆಯೇ ಒಂದು ಪುಸ್ತಕವನ್ನು ಪ್ರಕಟಿಸಿದರು.

1914ರಲ್ಲಿ ಮಹಾಯುದ್ಧ ಪ್ರಾರಂಭವಾಗಲು ಕೈಕಾಲುಗಳನ್ನು ಕಳಕೊಂಡ ಸಿಪಾಯಿಗಳು ಹಡಗು ಹಡಗಾಗಿ ಬಂದಿಳಿದರು. ಅಷ್ಟು ಮಂದಿಗೆ ಕೃತಕ ಕಾಲುಗಳನ್ನು ಮಾಡಿಕೊಡುವವರಿರಲಿಲ್ಲ. ಎಲುಬಿನಿಂದ ಎಲುಬನ್ನು ಕಟ್ಟಿದ ಈ ಮುದುಕರಿಗೆ ಅವರ ವಿಷಯದಲ್ಲಿ ಕಸಿಯಿಂದ ಮಾಡತಕ್ಕದ್ದು ಏನೂ ಉಳಿದಿರಲಿಲ್ಲ. ಅವರು 1916ರಲ್ಲಿ ಕ್ಲೈಡ್ ನದಿಯ ದಡದ ಅರ್ಸ್ಕಿನ್ ಎಂಬಲ್ಲಿ ಒಂದು ಬಂಗಲೆಯನ್ನು ಆಸ್ಪತ್ರೆಯಾಗಿ ಮಾಡುವುದರಲ್ಲಿ ಮುಂದಾಳಾಗಿ ನಿಂತು, ಹಡಗು ಕಟ್ಟುವ ಕಾರ್ಖಾನೆಗಳ ಬಡಗಿಗಳನ್ನೂ ಕುಶಲಗಾರರನ್ನೂ ಕೂಡಿಸಿ ಮರದ ಕಾಲುಗಳನ್ನು ಮಾಡುವುದನ್ನು ಕಲಿಸಿದರು. ಸಾವಿರಾರು ಸಿಪಾಯಿಗಳು ಅಲ್ಲಿಂದ ತಮ್ಮ ಕಾಲಮೇಲೆ ನಡೆದು ಮನೆ ಸೇರಿದರು. ಮೆಕ್ಯೂವನರು 1924ನೇ ಮಾರ್ಚ್ 22ರಲ್ಲಿ ಎಪ್ಪತ್ತೈದು ವರುಷದವರಾಗಿ ತೀರಿಕೊಂಡರು. ಅರ್ಸ್ಕಿನ್ ಹೆಸರಿನ ಆ ಧರ್ಮಸಂಸ್ಥೆಯು ಹಳೆಯ ಸಿಪಾಯಿಗಳ ಆರೈಕೆಯನ್ನು ಇಂದಿಗೂ ನಡಿಸುತ್ತಿದೆ.